ಶುಗರ್ ಇರುವ ಹಿರಿಯರಿಗೆ ಊಟದ ನಂತರ ವಾಕರಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲಿ ಶುಗರ್ ಇರುವ ಹಿರಿಯರನ್ನು ನೋಡಿಕೊಳ್ಳುವವರು ಫೋನಿನಲ್ಲಿ, ಪತ್ರದಲ್ಲಿ, ಕೆಲವೊಮ್ಮೆ ಮದುವೆಮನೆಯ ಪಂಕ್ತಿಯಲ್ಲೂ ಕೇಳಿದ ಪ್ರಶ್ನೆಗಳು ಇವು. ಅವರು ಕೇಳಿದ ಮಾತಿನಲ್ಲೇ ಇಟ್ಟಿದ್ದೇನೆ. ಮಾತ್ರೆಯ ಪ್ರಮಾಣ ಬದಲಾಯಿಸುವ ವಿಷಯ ಬಂದ ಕಡೆಯೆಲ್ಲ ಕೊನೆಯ ಮಾತು ನಿಮ್ಮ ಡಾಕ್ಟರದ್ದೇ.

## ಮೊದಲು ತಿಳಿಯಬೇಕಾದ್ದು

ಅಮ್ಮನಿಗೆ 72 ವರ್ಷ, ಶುಗರ್ ಇದೆ. ಊಟ ಆದ್ಮೇಲೆ ದಿನಾ ಹೊಟ್ಟೆ ತೊಳಸುತ್ತೆ ಅಂತಾರೆ. ಗ್ಯಾಸ್ಟ್ರಿಕ್ ತಾನೆ?

ಇರಬಹುದು. ಆದರೆ ನಮ್ಮಲ್ಲಿ ಹೊಟ್ಟೆಯ ಯಾವ ತೊಂದರೆಗೂ ಗ್ಯಾಸ್ಟ್ರಿಕ್ ಅಂತಲೋ ಪಿತ್ತ ಅಂತಲೋ ಹೆಸರಿಟ್ಟು, ಮೆಡಿಕಲ್ ಶಾಪಿನಿಂದ ಒಂದು ಮಾತ್ರೆ ತಂದು ಸುಮ್ಮನಾಗುತ್ತೇವೆ. ಶುಗರ್ ಇರುವ ವಯಸ್ಸಾದವರಲ್ಲಿ ಇದು ಸಾಲದು. ಮಾತ್ರೆಗಳಿಂದ ಹಿಡಿದು ಕಿಡ್ನಿ, ಪಿತ್ತಕೋಶದ ಕಲ್ಲು, ಹೃದಯದ ತನಕ ಕಾರಣ ಏನು ಬೇಕಾದರೂ ಆಗಿರಬಹುದು.

ಸುಳಿವು ಸಿಗುವುದು ಗಡಿಯಾರದಲ್ಲಿ. ನಾಲ್ಕು ತುತ್ತಿಗೇ ಹೊಟ್ಟೆ ತುಂಬಿ ವಾಕರಿಕೆ ಬಂದರೆ ಹೊಟ್ಟೆ ನಿಧಾನವಾಗಿರಬಹುದು, ಹುಣ್ಣಿರಬಹುದು, ಇಲ್ಲವೇ ಊಟದ ಜೊತೆ ನುಂಗಿದ ಮಾತ್ರೆಯ ಕೆಲಸವಿರಬಹುದು. ಎಣ್ಣೆ ತುಪ್ಪದ ಊಟವಾಗಿ ಒಂದೆರಡು ಗಂಟೆಗೆ, ಬಲಗಡೆ ಪಕ್ಕೆಯ ಕೆಳಗೆ ನೋವಿನ ಜೊತೆ ಬಂದರೆ ಪಿತ್ತಕೋಶ ನೋಡಿಸಬೇಕು. ಬೆಳಿಗ್ಗೆ ತಿಂದ ಇಡ್ಲಿ ಸಂಜೆಯ ವಾಂತಿಯಲ್ಲಿ ಹಾಗೇ ಕಾಣಿಸಿದರೆ ಹೊಟ್ಟೆ ಖಾಲಿಯಾಗುತ್ತಿಲ್ಲ ಎಂದು ಅರ್ಥ. ಊಟ ತಡವಾದಾಗ ಬೆವರು, ನಡುಕದ ಜೊತೆ ಬಂದರೆ ಲೋ ಶುಗರ್. ಊಟ ಮಾಡಲಿ ಬಿಡಲಿ ದಿನವಿಡೀ ಇದ್ದರೆ ಕಿಡ್ನಿ, ಮೂತ್ರದ ಸೋಂಕು, ಕೀಟೋನ್ (ಇನ್ಸುಲಿನ್ ಸಾಲದಾದಾಗ ರಕ್ತದಲ್ಲಿ ಏರುವ ಆಮ್ಲ) ಇವುಗಳ ಕಡೆ ನೋಡಬೇಕು. ಇವು ಬರೀ ಸುಳಿವುಗಳು. ಆದರೂ ಡಾಕ್ಟರಿಗೆ "ಊಟದ ಮೇಲೆ ವಾಕರಿಕೆ" ಎನ್ನುವುದಕ್ಕಿಂತ "ಊಟವಾಗಿ ಮೂರು ಗಂಟೆಗೆ ವಾಕರಿಕೆ" ಎಂದರೆ ಅರ್ಧ ಕೆಲಸ ಆದಂತೆ.

ರಾತ್ರಿ ಹೊತ್ತು ಬಂದ್ರೆ ಬೆಳಿಗ್ಗೆ ತನಕ ಕಾಯಬಹುದಾ?

ಕೆಲವು ಸಂದರ್ಭಗಳಲ್ಲಿ ಕಾಯಲೇಬಾರದು. ಮೊದಲನೆಯದು ಹೃದಯ. ಬಹಳ ವರ್ಷದಿಂದ ಶುಗರ್ ಇರುವವರಿಗೆ ಹಾರ್ಟ್ ಅಟ್ಯಾಕ್ ಆದರೂ ಎದೆನೋವು ಕಾಣಿಸದೇ ಇರಬಹುದು. ಬರೀ ವಾಕರಿಕೆ, ತಣ್ಣನೆಯ ಬೆವರು, ಏದುಸಿರು, ವಿಪರೀತ ಸುಸ್ತು, ದವಡೆ ಅಥವಾ ತೋಳಿನಲ್ಲಿ ಸೆಳೆತ, ಇಷ್ಟೇ ಇರಬಹುದು. ಹೊಸದಾಗಿ, ಇದ್ದಕ್ಕಿದ್ದ ಹಾಗೆ ಹೀಗಾದರೆ ಸೋಡಾ ಕುಡಿಸಿ ನೋಡೋಣ ಎನ್ನಬೇಡಿ. 108ಕ್ಕೆ ಫೋನ್ ಮಾಡಿ, ಹತ್ತಿರ ಎಲ್ಲಿ ಇಸಿಜಿ ಆಗುತ್ತದೋ ಅಲ್ಲಿಗೆ ಹೋಗಿ. ಇಸಿಜಿ ಸರಿ ಇದ್ದು ವಾಪಸ್ ಬಂದರೆ ಒಳ್ಳೆಯದೇ ಆಯಿತು.

ವಾಂತಿಯಲ್ಲಿ ರಕ್ತ ಅಥವಾ ಕಾಫಿ ಚರಟದಂಥದ್ದು ಕಂಡರೆ, ಮಲ ಡಾಂಬರಿನ ಹಾಗೆ ಕಪ್ಪಾದರೆ, ಕುಡಿದ ನೀರೂ ನಿಲ್ಲದಿದ್ದರೆ, ಮಂಪರು ಬಂದರೆ ಅಥವಾ ಮಾತು ತೊದಲಿದರೆ, ಉಸಿರು ಜೋರಾಗಿ ಆಳವಾಗಿ ಬರುತ್ತಿದ್ದರೆ, ಹೊಟ್ಟೆನೋವು ತಡೆಯಲಾಗದಿದ್ದರೆ, ಮೂತ್ರ ತೀರಾ ಕಡಿಮೆಯಾದರೆ ಆಗಲೂ ತಕ್ಷಣ ಹೊರಡಬೇಕು. ಶುಗರ್ 70ಕ್ಕಿಂತ ಕೆಳಗಿದ್ದು ಗ್ಲೂಕೋಸ್ ಕೊಟ್ಟರೂ ಏರದಿದ್ದರೆ, ಅಥವಾ ವಾಂತಿಯ ಜೊತೆ 300 ದಾಟಿ ಇಳಿಯದಿದ್ದರೆ ಅದೂ ಅಷ್ಟೇ ತುರ್ತು.

ಡಾಕ್ಟರ್ ಐದು ನಿಮಿಷ ನೋಡ್ತಾರೆ. ಅಷ್ಟರಲ್ಲಿ ಏನು ಹೇಳ್ಲಿ?

ಒಂದು ವಾರ ಬರೆದಿಡಿ. ಎಷ್ಟು ಗಂಟೆಗೆ ಏನು ತಿಂದರು, ಯಾವ ಮಾತ್ರೆ ಎಷ್ಟು ಗಂಟೆಗೆ ನುಂಗಿದರು, ವಾಕರಿಕೆ ಎಷ್ಟು ಹೊತ್ತಿಗೆ ಬಂತು, ಆಗ ಶುಗರ್ ಎಷ್ಟಿತ್ತು. ವಾಂತಿಯಾಗಿದ್ದರೆ ಅದರಲ್ಲಿ ಏನು ಕಂಡಿತು. ತೂಕ ಇಳಿದಿದೆಯೇ, ಮಲಬದ್ಧತೆ ಇದೆಯೇ. ಮಾತ್ರೆಯ ಹೆಸರು ನೆನಪಿಟ್ಟುಕೊಳ್ಳುವ ಗೋಜು ಬೇಡ. ಶುಗರ್, ಬಿಪಿ, ಮಂಡಿನೋವು, ಆಯುರ್ವೇದ ಎಲ್ಲವನ್ನೂ, ಪಕ್ಕದ ಮನೆಯವರು ಕೊಟ್ಟ ಪುಡಿಯನ್ನೂ ಸೇರಿಸಿ, ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ ಮೇಜಿನ ಮೇಲೆ ಸುರಿಯಿರಿ.

## ಮಾತ್ರೆ, ಇಂಜೆಕ್ಷನ್

ಮೆಟ್‌ಫಾರ್ಮಿನ್ ಹತ್ತು ವರ್ಷದಿಂದ ತಗೋತಿದ್ದಾರೆ. ಆಗ ಆಗದ ವಾಕರಿಕೆ ಈಗ ಅದರಿಂದ ಆಗುತ್ತಾ?

ಆಗಬಹುದು. ಶುರು ಮಾಡಿದಾಗ ಬರುವ ವಾಕರಿಕೆ, ಭೇದಿ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಕಡಿಮೆಯಾಗುತ್ತದೆ. ವರ್ಷಗಳ ನಂತರ ಹೊಸದಾಗಿ ಬಂದರೆ ಏನು ಬದಲಾಗಿದೆ ಎಂದು ಹುಡುಕಿ. ಡೋಸ್ ಏರಿಸಿದ್ದಾರಾ? ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯ ಬದಲು ಸಾದಾ ಮಾತ್ರೆ ಬಂದಿದೆಯಾ? ಎರಡು ಮೂರು ಔಷಧಿ ಸೇರಿದ ಹೊಸ ಮಾತ್ರೆ ಕೊಟ್ಟಿದ್ದಾರಾ? ಊಟಕ್ಕೆ ಮುಂಚೆಯೇ ನುಂಗುತ್ತಿದ್ದಾರಾ?

ಎಲ್ಲಕ್ಕಿಂತ ಮುಖ್ಯ ಕಿಡ್ನಿ. ಮೆಟ್‌ಫಾರ್ಮಿನ್ ದೇಹದಿಂದ ಹೊರಹೋಗುವುದು ಕಿಡ್ನಿಯ ಮೂಲಕ. ರಕ್ತ ಪರೀಕ್ಷೆಯ ವರದಿಯಲ್ಲಿ ಕ್ರಿಯಾಟಿನಿನ್ ಪಕ್ಕದಲ್ಲಿ ಇಜಿಎಫ್‌ಆರ್ ಅಂತ ಒಂದು ಸಂಖ್ಯೆ ಇರುತ್ತದೆ, ಕಿಡ್ನಿ ರಕ್ತವನ್ನು ಎಷ್ಟು ಚೆನ್ನಾಗಿ ಸೋಸುತ್ತಿದೆ ಎಂದು ಹೇಳುವ ಸಂಖ್ಯೆ. ಅದು 45ಕ್ಕಿಂತ ಕೆಳಗೆ ಬಂದರೆ ಡೋಸ್ ಕಡಿಮೆ ಮಾಡುವುದು, 30ಕ್ಕಿಂತ ಕೆಳಗಾದರೆ ನಿಲ್ಲಿಸುವುದು ರೂಢಿ. ವರ್ಷದಿಂದ ಈ ಪರೀಕ್ಷೆ ಆಗಿಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ. ಜೊತೆಗೆ ಬಿ12 ಕೂಡ. ಬಹಳ ಕಾಲ ಮೆಟ್‌ಫಾರ್ಮಿನ್ ತೆಗೆದುಕೊಂಡವರಲ್ಲಿ ಅದು ಕಡಿಮೆಯಾಗುತ್ತದೆ.

ಇನ್ನೊಂದು ವಿಷಯ: ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯನ್ನು ನುಂಗಲಾಗದು ಅಂತ ಪುಡಿ ಮಾಡಿ ಕೊಡಬೇಡಿ.

ವಾರಕ್ಕೊಂದು ಇಂಜೆಕ್ಷನ್ ಶುರು ಮಾಡಿದ್ದಾರೆ. ಊಟ ಕಂಡ್ರೆ ಆಗಲ್ಲ ಅಂತಾರೆ ಮಾವ.

ಸೆಮಾಗ್ಲುಟೈಡ್, ಡುಲಾಗ್ಲುಟೈಡ್, ಟಿರ್ಜೆಪಟೈಡ್ ಜಾತಿಯ ಔಷಧಿಗಳು ಕೆಲಸ ಮಾಡುವ ರೀತಿಯೇ ಹಾಗೆ. ಹಸಿವು ತಗ್ಗಿಸುತ್ತವೆ, ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತವೆ. ಶುರುವಿನಲ್ಲಿ ಮತ್ತು ಡೋಸ್ ಏರಿಸಿದ ವಾರಗಳಲ್ಲಿ ವಾಕರಿಕೆ ಜಾಸ್ತಿ. ತಟ್ಟೆಯಲ್ಲಿ ಅರ್ಧ ಬಡಿಸಿ, ಕರಿದದ್ದು ಬಿಡಿ, ಹೊಟ್ಟೆ ತುಂಬಿತು ಅನ್ನಿಸಿದ ಕೂಡಲೇ ನಿಲ್ಲಿಸಲಿ. "ಇನ್ನೊಂದು ಸ್ವಲ್ಪ ಹಾಕಿಸಿಕೊಳ್ಳಿ" ಎಂಬ ಉಪಚಾರ ಇಲ್ಲಿ ಬೇಡವೇ ಬೇಡ.

ಇವುಗಳಲ್ಲಿ ಸೆಮಾಗ್ಲುಟೈಡ್ ಮಾತ್ರೆಯಾಗಿಯೂ ಸಿಗುತ್ತದೆ. ಸೆಮಾಗ್ಲುಟೈಡ್ ಮಾತ್ರೆಯನ್ನು ಬರೀ ಹೊಟ್ಟೆಯಲ್ಲಿ, ಅರ್ಧ ಲೋಟದಷ್ಟು ನೀರಿನಲ್ಲಿ ನುಂಗಿ, ಕಾಫಿಗೂ ಮುಂಚೆ ಅರ್ಧ ಗಂಟೆ ಕಾಯಬೇಕು.

ತೂಕ ಹೆಚ್ಚಿರುವ ಐವತ್ತರ ಗಂಡಸಿಗೆ ಒಳ್ಳೆಯದು ಮಾಡುವ ಈ ಔಷಧಿ, ಈಗಾಗಲೇ ಸೊರಗಿರುವ ಎಂಬತ್ತರ ಅಜ್ಜಿಗೂ ಸರಿಹೋಗುತ್ತದೆ ಎಂದೇನಿಲ್ಲ. ತೂಕ ಬೇಗ ಇಳಿಯುತ್ತಿದ್ದರೆ, ಹೊಟ್ಟೆನೋವು ಬೆನ್ನಿಗೆ ಹರಡಿದರೆ, ವಾಂತಿ ನಿಲ್ಲದಿದ್ದರೆ ಮುಂದಿನ ಇಂಜೆಕ್ಷನ್‌ಗೆ ಮುಂಚೆ ಡಾಕ್ಟರನ್ನು ಕೇಳಿ. ಹೊಟ್ಟೆನೋವು ಜೋರಾಗಿದ್ದರೆ ಮೇದೋಜೀರಕದ ಉರಿಯೂತ ಅಲ್ಲ ಎಂದು ಅದೇ ದಿನ ಖಚಿತ ಮಾಡಿಕೊಳ್ಳಬೇಕು.

ಶುಗರ್ ಮಾತ್ರೆ ಬಿಟ್ಟು ಬೇರೆ ಯಾವುದರ ಮೇಲೆ ಅನುಮಾನ ಪಡಬೇಕು?

ಮಂಡಿನೋವಿನ ಮಾತ್ರೆಗಳು ಮೊದಲ ಸಾಲಿನಲ್ಲಿವೆ. ಡೈಕ್ಲೋಫೆನಾಕ್‌ನಂಥವು ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಕಿಡ್ನಿಗೂ ಒಳ್ಳೆಯದಲ್ಲ. ಟ್ರಮಡಾಲ್ ವಾಕರಿಕೆಯನ್ನೂ ಮಲಬದ್ಧತೆಯನ್ನೂ ತರುತ್ತದೆ. ಕಬ್ಬಿಣದ ಮಾತ್ರೆ, ಆಂಟಿಬಯಾಟಿಕ್, ಹೃದಯಕ್ಕೆ ಕೊಡುವ ಡಿಗಾಕ್ಸಿನ್ ಇವೂ ಪಟ್ಟಿಯಲ್ಲಿವೆ. ಡಿಗಾಕ್ಸಿನ್ ತೆಗೆದುಕೊಳ್ಳುವವರಿಗೆ ಹೊಸದಾಗಿ ವಾಕರಿಕೆ ಬಂದರೆ ಬೇಗ ತೋರಿಸಿ, ಔಷಧಿ ರಕ್ತದಲ್ಲಿ ಹೆಚ್ಚಾಗಿರಬಹುದು. ಎಲೆಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವ ಅಭ್ಯಾಸವಿದ್ದರೆ ಅದನ್ನೂ ಹೇಳಿ. ಮನೆಯವರು ಇದನ್ನು ಔಷಧಿಯ ಲೆಕ್ಕಕ್ಕೂ ಹಿಡಿಯುವುದಿಲ್ಲ, ಊಟದ ಲೆಕ್ಕಕ್ಕೂ ಹಿಡಿಯುವುದಿಲ್ಲ.

ಮಾತ್ರೆ ನುಂಗಿ ಸ್ವಲ್ಪ ಹೊತ್ತಿಗೇ ವಾಂತಿ ಆಯ್ತು. ಇನ್ನೊಂದು ಕೊಡ್ಲಾ?

ನೀವಾಗಿ ಕೊಡಬೇಡಿ. ಗ್ಲಿಮಿಪಿರೈಡ್, ಗ್ಲಿಕ್ಲಾಜೈಡ್ ಜಾತಿಯ ಮಾತ್ರೆ ಎಷ್ಟು ಹೊರಬಂತು, ಎಷ್ಟು ಒಳಗಿಳಿಯಿತು ಎಂದು ಹೇಳುವುದು ಕಷ್ಟ. ಮತ್ತೊಂದು ಕೊಟ್ಟು, ಊಟವೂ ನಿಲ್ಲದಿದ್ದರೆ ಶುಗರ್ ಪಾತಾಳಕ್ಕೆ ಇಳಿಯುತ್ತದೆ. ಗ್ಲುಕೋಮೀಟರ್‌ನಲ್ಲಿ ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ ಸೇರಿ, ನೋಡುತ್ತಿರಿ.

ವಾಂತಿ ಮುಂದುವರಿದರೆ ಮೆಟ್‌ಫಾರ್ಮಿನ್ ಮತ್ತು ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ, ಸಕ್ಕರೆಯನ್ನು ಮೂತ್ರಕ್ಕೆ ಹರಿಸುವ ಮಾತ್ರೆಗಳನ್ನು ಆ ದಿನಗಳ ಮಟ್ಟಿಗೆ ನಿಲ್ಲಿಸಲು ಸಾಮಾನ್ಯವಾಗಿ ಹೇಳುತ್ತಾರೆ. ಆದರೆ ದಿನಕ್ಕೊಮ್ಮೆ ಹಾಕುವ ದೀರ್ಘಕಾಲದ ಇನ್ಸುಲಿನ್ ಅನ್ನು "ಊಟವೇ ಮಾಡಿಲ್ಲವಲ್ಲ" ಅಂತ ನೀವೇ ಪೂರ್ತಿ ಬಿಡಬೇಡಿ. ಎಷ್ಟು ಕಡಿಮೆ ಮಾಡಬೇಕು ಎಂದು ಫೋನ್ ಮಾಡಿ ಕೇಳಿ. ಮೈ ಸರಿ ಇರುವಾಗಲೇ ಈ ಸೂಚನೆಗಳನ್ನು ಡಾಕ್ಟರ ಹತ್ತಿರ ಬರೆಸಿಕೊಂಡು ಫ್ರಿಜ್ ಮೇಲೆ ಅಂಟಿಸಿದ ಮನೆಗಳಲ್ಲಿ ರಾತ್ರಿ ಹನ್ನೊಂದರ ಗಾಬರಿ ಕಡಿಮೆ.

ಶುಗರ್ ಇರೋರಿಗೆ ಓಆರ್‌ಎಸ್ ಕೊಡಬಹುದಾ? ಅದ್ರಲ್ಲಿ ಸಕ್ಕರೆ ಇದೆ ಅಲ್ವಾ?

ಇದೆ, ಆದರೂ ಕೊಡಬಹುದು. ಒಂದು ಲೀಟರ್‌ಗೆ ಕಲಸುವ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪುಡಿಯಲ್ಲಿ ಗ್ಲೂಕೋಸ್ ಇರುವುದು 13.5 ಗ್ರಾಂ. ಉಪ್ಪು ನೀರು ಕರುಳಿನಲ್ಲಿ ಹೀರಿಕೊಳ್ಳಲು ಅಷ್ಟು ಬೇಕು. ವಾಂತಿಯಾದಾಗ ಒಣಗಿ ಹೋಗುವುದು ಇದಕ್ಕಿಂತ ಅಪಾಯ. ಚಮಚದಲ್ಲಿ ಸ್ವಲ್ಪ ಸ್ವಲ್ಪ ಕೊಟ್ಟು, ಶುಗರ್ ನೋಡುತ್ತಿರಿ. ಪೆಟ್ಟಿಗೆಯಲ್ಲಿ ಬರುವ ಹಣ್ಣಿನ ರುಚಿಯ ಸಿಹಿ ಪಾನೀಯ ಬೇರೆ, ಇದು ಬೇರೆ. ಕಿಡ್ನಿ ಅಥವಾ ಹೃದಯದ ತೊಂದರೆಗೆ ನೀರಿನ ಮಿತಿ ಹೇಳಿದ್ದರೆ ಕೇಳಿ ಕೊಡಿ. ಎಳನೀರಿನಲ್ಲಿ ಪೊಟ್ಯಾಶಿಯಂ ಜಾಸ್ತಿ, ಕಿಡ್ನಿ ತೊಂದರೆ ಇದ್ದವರಿಗೆ ಅದು ಬೇಡ.

## ಹೊಟ್ಟೆ ನಿಧಾನವಾದಾಗ

ಗ್ಯಾಸ್ಟ್ರೋಪರೇಸಿಸ್ ಅಂದ್ರು. ಹೊಟ್ಟೆಗೆ ಪಾರ್ಶ್ವವಾಯು ಹೊಡೆದಿದೆಯಾ?

ಹಾಗೆ ಹೆದರಬೇಡಿ. ಹೊಟ್ಟೆ ಖಾಲಿಯಾಗುವುದು ನಿಧಾನವಾದರೆ ಅದಕ್ಕೆ ಆ ಹೆಸರು. ಹೊಟ್ಟೆಯ ಕೆಳಭಾಗ ಬೀಸುಕಲ್ಲಿನ ಹಾಗೆ ಊಟವನ್ನು ಅರೆದು, ಒಂದೆರಡು ಮಿಲಿಮೀಟರ್‌ನಷ್ಟು ಸಣ್ಣದಾದ ಮೇಲೆ ಸ್ವಲ್ಪ ಸ್ವಲ್ಪವೇ ಕರುಳಿಗೆ ಬಿಡುತ್ತದೆ. ಈ ಕೆಲಸ ನಡೆಸುವುದು ಮೆದುಳಿನಿಂದ ಇಳಿದು ಬರುವ ವೇಗಸ್ ನರ ಮತ್ತು ಹೊಟ್ಟೆಯ ಗೋಡೆಯೊಳಗಿನ ನರಗಳು. ಬಹಳ ವರ್ಷ ಶುಗರ್ ಏರಿಯೇ ಇದ್ದರೆ ಪಾದದ ನರ ಜೋಮು ಹಿಡಿಯುವಂತೆ ಈ ನರಗಳೂ ಸೊರಗುತ್ತವೆ. ಆಗ ಅರೆಯುವುದೂ ನಿಧಾನ, ಸಾಗಿಸುವುದೂ ನಿಧಾನ. ಪಾದ ಜುಮ್ಮೆನ್ನುವುದು, ನಿಂತಾಗ ತಲೆಸುತ್ತು, ಮಲಬದ್ಧತೆ ಇವೂ ಜೊತೆಗಿದ್ದರೆ ಅನುಮಾನ ಬಲವಾಗುತ್ತದೆ. ಆ ಹೊತ್ತಿನ ಶುಗರ್ ಜಾಸ್ತಿ ಇದ್ದರೂ ಹೊಟ್ಟೆ ನಿಧಾನವಾಗುತ್ತದೆ. ಇದು ಒಳ್ಳೆಯ ಸುದ್ದಿ, ಏಕೆಂದರೆ ಶುಗರ್ ಇಳಿಸಿದರೆ ಆ ಪಾಲು ವಾಪಸ್ ಬರುತ್ತದೆ. ಸೊರಗಿದ ನರ ಅಷ್ಟು ಸುಲಭವಾಗಿ ಬರುವುದಿಲ್ಲ.

ಎಂಡೋಸ್ಕೋಪಿ ನಾರ್ಮಲ್ ಬಂತು. ಹಾಗಾದ್ರೆ ಏನೂ ಇಲ್ಲ ಅಂತ ತಾನೆ?

ಹುಣ್ಣು, ಗಡ್ಡೆ, ಅಡಚಣೆ ಇಲ್ಲ ಎಂದಷ್ಟೇ ಅದರ ಅರ್ಥ. ಎಂಡೋಸ್ಕೋಪಿ ಹೊಟ್ಟೆಯ ಗೋಡೆಯನ್ನು ತೋರಿಸುತ್ತದೆ, ವೇಗವನ್ನು ಅಳೆಯುವುದಿಲ್ಲ. ಅದಕ್ಕೆ ಬೇರೆ ಪರೀಕ್ಷೆ ಇದೆ. ತೀರಾ ಕಡಿಮೆ ಪ್ರಮಾಣದ ವಿಕಿರಣ ವಸ್ತು ಬೆರೆಸಿದ ಊಟ ಕೊಟ್ಟು, ನಾಲ್ಕು ಗಂಟೆಯ ತನಕ ಆಗಾಗ ಸ್ಕ್ಯಾನ್ ಮಾಡುತ್ತಾರೆ. ನಾಲ್ಕು ಗಂಟೆಯಾದ ಮೇಲೂ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಊಟ ಹೊಟ್ಟೆಯಲ್ಲೇ ಉಳಿದಿದ್ದರೆ ನಿಧಾನ ಎಂದು ಲೆಕ್ಕ. ಮೂಲ ಪರೀಕ್ಷೆಯಲ್ಲಿ ಕೊಡುವುದು ಮೊಟ್ಟೆಯ ಬಿಳಿಭಾಗ, ಬ್ರೆಡ್ಡು. ಮೊಟ್ಟೆ ತಿನ್ನದವರು ಮೊದಲೇ ಹೇಳಬೇಕು. ಆ ದಿನ ಶುಗರ್ ತುಂಬಾ ಏರಿದ್ದರೆ, ಅಥವಾ ಹೊಟ್ಟೆಯ ವೇಗ ಬದಲಾಯಿಸುವ ಮಾತ್ರೆ ನಿಲ್ಲಿಸದೆ ಹೋದರೆ ಫಲಿತಾಂಶ ನಂಬುವ ಹಾಗಿರುವುದಿಲ್ಲ.

ಇಷ್ಟು ದಿನ ಸೊಪ್ಪು, ಮುದ್ದೆ, ಕಾಳು ತಿನ್ನಿ ಅಂದ್ರು. ಈಗ ಬೇಡ ಅಂತಾರೆ. ಯಾವುದನ್ನ ನಂಬೋದು?

ಎರಡನ್ನೂ, ಅದರದರ ಹೊತ್ತಿಗೆ. ಹೊಟ್ಟೆ ಸರಿಯಾಗಿ ಕೆಲಸ ಮಾಡುವಾಗ ನಾರು ಶುಗರ್ ಏರಿಕೆಯನ್ನು ತಗ್ಗಿಸುತ್ತದೆ. ಹೊಟ್ಟೆಯೇ ನಿಧಾನವಾದಾಗ ಅದೇ ನಾರು ಕೆಳಗಿಳಿಯದೆ ಕೂರುತ್ತದೆ, ಕೆಲವರಲ್ಲಿ ಉಂಡೆಗಟ್ಟುವುದೂ ಉಂಟು. ಕಾಯಿಲೆಯ ಹಂತ ಬದಲಾದಾಗ ಪಥ್ಯವೂ ಬದಲಾಗುತ್ತದೆ. ಹಳೆಯ ಪಥ್ಯದ ಚೀಟಿಯನ್ನೇ ಹಿಡಿದುಕೊಂಡು ಕೂತರೆ ಮೆಂತ್ಯದ ಪುಡಿ, ಇಸಬಗೋಲ್ ತಿನ್ನಿಸಿ ತಿನ್ನಿಸಿ ನಾವೇ ವಾಂತಿ ಮಾಡಿಸಿದಂತಾಗುತ್ತದೆ.

ಮುದ್ದೆಯನ್ನು ನಾವು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಗಟ್ಟಿ ತುತ್ತು ಹಾಗೇ ಇಳಿದರೆ ಕರಗಿಸುವ ಕಷ್ಟ ಪೂರ್ತಿ ಹೊಟ್ಟೆಯದ್ದು. ಮುದ್ದೆ ಬಿಟ್ಟು ಬದುಕಲಾರೆ ಎನ್ನುವ ಹಿರಿಯರಿಗೆ ಅದೇ ರಾಗಿಯನ್ನು ಜರಡಿ ಹಿಡಿದು, ತೆಳ್ಳಗೆ ಅಂಬಲಿ ಮಾಡಿ, ಮಜ್ಜಿಗೆ ಬೆರೆಸಿ ಸ್ವಲ್ಪ ಕೊಟ್ಟು ನೋಡಿ. ಮೆತ್ತಗಿನ ಇಡ್ಲಿ, ಕಿವುಚಿದ ಅನ್ನಕ್ಕೆ ತಿಳಿಸಾರು, ಬೇಳೆ ಕಟ್ಟು, ನುಣ್ಣಗೆ ಬೇಯಿಸಿ ಮಸೆದ ಕುಂಬಳ ಅಥವಾ ಸಿಪ್ಪೆ ತೆಗೆದ ಸೀಮೆಬದನೆ, ಕೆನೆ ತೆಗೆದ ಮೊಸರು, ಮೊಟ್ಟೆ ತಿನ್ನುವವರಿಗೆ ಮೆತ್ತಗಿನ ಮೊಟ್ಟೆ ಇವು ಸಾಮಾನ್ಯವಾಗಿ ಒಗ್ಗುತ್ತವೆ. ಹಸಿ ಕೋಸಂಬರಿ, ನುಗ್ಗೆಸೊಪ್ಪಿನ ಪಲ್ಯ, ಇಡೀ ಕಾಳಿನ ಉಸಲಿ, ಕಿತ್ತಳೆಯ ತೊಳೆ, ಕಡಲೆಬೀಜ ಸದ್ಯಕ್ಕೆ ದೂರ. ಎಣ್ಣೆ, ತುಪ್ಪ, ಕೊಬ್ಬರಿ ಹೊಟ್ಟೆಯನ್ನು ಇನ್ನಷ್ಟು ನಿಧಾನ ಮಾಡುತ್ತವೆ, ಹಾಗಾಗಿ ಹಬ್ಬದ ಹೋಳಿಗೆ ತುಪ್ಪದ ಮಾರನೇ ದಿನ ತೊಂದರೆ ಹೆಚ್ಚುವುದರಲ್ಲಿ ಆಶ್ಚರ್ಯವಿಲ್ಲ.

ಮೂರು ದೊಡ್ಡ ಊಟದ ಬದಲು ಐದಾರು ಸಣ್ಣ ಊಟ. ನಿಧಾನವಾದ ಹೊಟ್ಟೆಯಿಂದಲೂ ದ್ರವ ಸುಲಭವಾಗಿ ಇಳಿಯುತ್ತದೆ. ಸಂಜೆ ತೊಂದರೆ ಹೆಚ್ಚು ಎನ್ನುವವರು ಗಟ್ಟಿ ಊಟವನ್ನು ಬೆಳಿಗ್ಗೆ, ಮಧ್ಯಾಹ್ನ ಮುಗಿಸಿ ರಾತ್ರಿ ಗಂಜಿಯಂಥದ್ದು ತೆಗೆದುಕೊಳ್ಳಬಹುದು. ಊಟವಾದ ಮೇಲೆ ಎರಡು ಗಂಟೆ ಮಲಗಬಾರದು. ಅಂಗಳದಲ್ಲಿ ನಾಲ್ಕು ಹೆಜ್ಜೆ ಹಾಕಿದರೆ ಒಳ್ಳೆಯದು. ಹಲ್ಲಿನ ಸೆಟ್ ಸಡಿಲವಾಗಿ ಅಗಿಯದೇ ನುಂಗುತ್ತಿದ್ದಾರಾ ನೋಡಿ. ಅದನ್ನು ಸರಿಮಾಡಿಸಿದರೆ ಯಾವ ಮಾತ್ರೆಗೂ ಕಡಿಮೆಯಿಲ್ಲ.

ಮೆತ್ತಗಿನ ಅನ್ನ, ಗಂಜಿಯಿಂದ ಶುಗರ್ ಬೇಗ ಏರಬಹುದು, ನಿಜ. ಅದಕ್ಕೇ ಪಥ್ಯ ಬದಲಾಯಿಸುವ ಮೊದಲ ಎರಡು ವಾರ ಶುಗರ್ ಹೆಚ್ಚು ಬಾರಿ ನೋಡಿ, ಮಾತ್ರೆ ಹೊಂದಿಸಿಕೊಳ್ಳಬೇಕು.

ಶುಂಠಿ ಕಷಾಯ, ಹಾಗಲಕಾಯಿ ರಸ, ಸೋಡಾ ಇವೆಲ್ಲ?

ತೆಳ್ಳಗಿನ ಶುಂಠಿ ಅಥವಾ ಜೀರಿಗೆ ಕಷಾಯ, ಬೆಲ್ಲ ಹಾಕದೆ, ಅರ್ಧ ಲೋಟ ಕುಡಿದರೆ ತೊಂದರೆಯಿಲ್ಲ. ಸೋಡಾ ಕುಡಿದಾಗ ತೇಗು ಬಂದು ಹಗುರ ಅನ್ನಿಸುತ್ತದೆ, ಆದರೆ ಆ ಗಾಳಿ ತುಂಬಿದ್ದೂ ಸೋಡಾವೇ. ಬೆಳಿಗ್ಗೆ ಬರೀ ಹೊಟ್ಟೆಗೆ ಹಾಗಲಕಾಯಿ ರಸ ಕುಡಿಯುವವರಲ್ಲಿ ಅದೇ ವಾಕರಿಕೆಗೆ ಕಾರಣವಾಗಿರಬಹುದು, ಹತ್ತು ದಿನ ಬಿಟ್ಟು ನೋಡಿ. ಸೋರೆಕಾಯಿ ರಸ ಕಹಿಯಾಗಿದ್ದರೆ ಒಂದು ಗುಟುಕೂ ಕುಡಿಯಬೇಡಿ. ಅದರ ವಿಷದಿಂದ ರಕ್ತವಾಂತಿಯಾಗಿ ಜೀವ ಹೋದದ್ದೂ ಇದೆ.

ಊಟ ಆಗಿ ಎದ್ದ ತಕ್ಷಣ ತಲೆ ಸುತ್ತಿ ವಾಕರಿಕೆ ಬರುತ್ತೆ. ಶುಗರ್ ನೋಡಿದ್ರೆ ಸರಿಯಾಗೇ ಇರುತ್ತೆ.

ಬಿಪಿ ನೋಡಿ. ಊಟವಾದಾಗ ರಕ್ತ ಕರುಳಿನ ಕಡೆ ಹರಿಯುತ್ತದೆ. ನರ ಸೊರಗಿದವರಲ್ಲಿ ಬಾಕಿ ರಕ್ತನಾಳಗಳು ಅದನ್ನು ಸರಿದೂಗಿಸುವುದಿಲ್ಲ. ಊಟಕ್ಕೆ ಮುಂಚೆ ಒಮ್ಮೆ, ಊಟವಾಗಿ ಅರ್ಧ ಗಂಟೆಗೆ, ಒಂದು ಗಂಟೆಗೆ, ಎರಡು ಗಂಟೆಗೆ ಅಳೆಯಿರಿ. ಮೇಲಿನ ಸಂಖ್ಯೆ 20ರಷ್ಟು ಇಳಿದರೆ ಡಾಕ್ಟರಿಗೆ ತೋರಿಸಿ. ಬಿಪಿ ಮಾತ್ರೆಯ ಹೊತ್ತನ್ನು ಊಟದಿಂದ ದೂರ ಸರಿಸುವುದು, ಊಟಕ್ಕೆ ಮುಂಚೆ ಒಂದು ಲೋಟ ನೀರು, ಅನ್ನದ ಪ್ರಮಾಣ ಕಡಿಮೆ ಮಾಡುವುದು ಹಲವರಿಗೆ ಸಾಕಾಗುತ್ತದೆ.

## ಇನ್ನೂ ಸ್ವಲ್ಪ ಆಳಕ್ಕೆ

ಇನ್ಸುಲಿನ್ ಹಾಕಿ ಊಟನೂ ಮಾಡ್ತಾರೆ. ಆದ್ರೂ ಒಂದು ಗಂಟೆಗೆ ಲೋ ಆಗಿ, ಆಮೇಲೆ 280 ತನಕ ಏರುತ್ತೆ. ಕದ್ದು ಸಿಹಿ ತಿಂತಾರಾ?

ಪಾಪ, ಬೈಯುವ ಮುಂಚೆ ಹೊಟ್ಟೆಯ ಬಗ್ಗೆ ಯೋಚಿಸಿ. ಇನ್ಸುಲಿನ್ ತನ್ನ ಹೊತ್ತಿಗೆ ಕೆಲಸ ಶುರು ಮಾಡಿತು, ಊಟ ಇನ್ನೂ ಹೊಟ್ಟೆಯಲ್ಲೇ ಕೂತಿದೆ. ಹಾಗಾಗಿ ಲೋ. ಇನ್ಸುಲಿನ್ ಮುಗಿದ ಮೇಲೆ ಊಟ ಕರುಳಿಗೆ ಇಳಿಯಿತು. ಹಾಗಾಗಿ ಹೈ. ಊಟ ಮುಗಿಸಿದ ಮೇಲೆ ಇನ್ಸುಲಿನ್ ಹಾಕುವುದು, ಅಥವಾ ಬೇರೆ ಬಗೆಯ ಇನ್ಸುಲಿನ್‌ಗೆ ಬದಲಾಯಿಸುವುದು ಡಾಕ್ಟರ ಮುಂದಿರುವ ದಾರಿಗಳು.

ಇಂಥವರಿಗೆ ಲೋ ಆದಾಗ ಬಿಸ್ಕತ್ತು, ಚಾಕೊಲೇಟು ಬೇಡ, ಅವೂ ಹೊಟ್ಟೆಯಲ್ಲೇ ಕೂರುತ್ತವೆ. ಮೂರು ಚಮಚ, ಅಂದರೆ ಸುಮಾರು 15 ಗ್ರಾಂ ಗ್ಲೂಕೋಸ್ ಪುಡಿ ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ನೋಡಿ. ವೊಗ್ಲಿಬೋಸ್ ಅಥವಾ ಅಕಾರ್ಬೋಸ್ (ಕರುಳಿನಲ್ಲಿ ಸಕ್ಕರೆ ಒಡೆಯುವುದನ್ನು ನಿಧಾನ ಮಾಡುವ ಮಾತ್ರೆಗಳು) ತೆಗೆದುಕೊಳ್ಳುವವರಿಗೆ ಅಡುಗೆಮನೆಯ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ, ಗ್ಲೂಕೋಸೇ ಆಗಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬೇಡಿ.

ಶುಗರ್ 190 ಅಷ್ಟೇ ಇದೆ. ಆದ್ರೂ ಕೀಟೋನ್ ಪರೀಕ್ಷೆ ಮಾಡಿಸಿ ಅಂದ್ರು. ಸುಮ್ನೆ ಖರ್ಚು ಅಲ್ವಾ?

ಅಲ್ಲ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಜಾತಿಯ ಮಾತ್ರೆಗಳು ಸಕ್ಕರೆಯನ್ನು ಮೂತ್ರಕ್ಕೆ ಹರಿಸುತ್ತವೆ. ಹಾಗಾಗಿ ರಕ್ತದಲ್ಲಿ ಕೀಟೋನ್ ಆಮ್ಲ ಏರಿದರೂ ಮೀಟರ್‌ನಲ್ಲಿ ಶುಗರ್ 250ರ ಒಳಗೇ ಕಾಣಿಸಬಹುದು. ಈ ಮಾತ್ರೆ ತೆಗೆದುಕೊಳ್ಳುವವರಿಗೆ ವಾಂತಿ, ಹೊಟ್ಟೆನೋವು, ಏದುಸಿರು ಬಂದರೆ ಶುಗರ್ ಎಷ್ಟೇ ಇರಲಿ ಕೀಟೋನ್ ನೋಡಿಸಬೇಕು. ರಕ್ತದ ಕೀಟೋನ್ ಪರೀಕ್ಷೆ ಮೂತ್ರದ ಪಟ್ಟಿಗಿಂತ ನಂಬಿಕೆಗೆ ಅರ್ಹ. ಉಪವಾಸ, ಜ್ವರ, ಇನ್ಸುಲಿನ್ ಕಡಿಮೆ ಮಾಡಿದ್ದು ಇವು ಸೇರಿದರೆ ಅಪಾಯ ಹೆಚ್ಚು. ಏಕಾದಶಿ, ಶಿವರಾತ್ರಿಯ ನಿರಾಹಾರ ಮಾಡುವವರು ಮೊದಲೇ ಕೇಳಿಕೊಳ್ಳಬೇಕು.

ಬೆಳಿಗ್ಗೆ ಒಂದು ಗ್ಯಾಸ್ ಮಾತ್ರೆ ಮೂರು ವರ್ಷದಿಂದ ನಡೀತಿದೆ. ಈಗ ಅತ್ತೆಗೆ ಕೈ ನಡುಗುತ್ತೆ. ಸಂಬಂಧ ಇದೆಯಾ?

ಮಾತ್ರೆಯ ಹಿಂಬದಿ ಓದಿ. ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಅಥವಾ ರಾಬೆಪ್ರಜೋಲ್ ಜೊತೆ ಎಷ್ಟೋ ಸಲ ವಾಕರಿಕೆ ತಡೆಯುವ ಇನ್ನೊಂದು ಔಷಧಿ ಸೇರಿರುತ್ತದೆ, ಮುಖ್ಯ ಪ್ರಶ್ನೆ ಅದು ಯಾವುದು ಎನ್ನುವುದೇ. ಲೆವೊಸಲ್ಪಿರೈಡ್ ಆದರೆ ವಯಸ್ಸಾದವರಲ್ಲಿ ಕೈ ನಡುಕ, ಮೈ ಬಿಗಿತ, ಕಾಲೆಳೆದು ನಡೆಯುವುದು ಬರಬಹುದು. ಪಾರ್ಕಿನ್ಸನ್ ಅಂತಲೇ ಅನ್ನಿಸುತ್ತದೆ. ಮಾತ್ರೆ ನಿಲ್ಲಿಸಿದರೆ ಹೆಚ್ಚಿನವರಲ್ಲಿ ತಗ್ಗುತ್ತದೆ, ತಿಂಗಳುಗಳು ಹಿಡಿಯಬಹುದು. ಮೆಟೊಕ್ಲೊಪ್ರಮೈಡ್‌ಗೂ ಈ ಗುಣವಿದೆ. 12 ವಾರ ಮೀರಿ ಬೇಡ ಎಂದು ಅಮೆರಿಕದ ಔಷಧ ನಿಯಂತ್ರಕರು 2009ರಲ್ಲೇ ಎಚ್ಚರಿಕೆ ಹಾಕಿಸಿದರು. ಡಾಂಪೆರಿಡೋನ್ ಮೆದುಳಿಗೆ ಅಷ್ಟಾಗಿ ಹೋಗದು, ಆದರೆ ಹೃದಯದ ಬಡಿತದ ಲಯ ಕೆಡಿಸಬಹುದು. ಯೂರೋಪಿನಲ್ಲಿ 2014ರಿಂದ 10 ಮಿ.ಗ್ರಾಂನಂತೆ ದಿನಕ್ಕೆ ಮೂರು ಸಲ, ಸಾಮಾನ್ಯವಾಗಿ ಒಂದು ವಾರ ಎಂಬ ಮಿತಿ ಇದೆ.

ಇವು ಕೆಟ್ಟ ಔಷಧಿಗಳು ಅಂತ ಅಲ್ಲ. ಕಷ್ಟದ ವಾರದಲ್ಲಿ ಬೇಕಾಗುತ್ತವೆ. ಹಳೇ ಚೀಟಿ ತೋರಿಸಿ ವರ್ಷಗಟ್ಟಲೆ ತರುವುದೇ ತಪ್ಪು.

ಆಪರೇಷನ್ ಇದೆ. ರಾತ್ರಿಯಿಂದ ಖಾಲಿ ಹೊಟ್ಟೆ ಇದ್ರೆ ಸಾಕಲ್ವಾ?

ಸಾಕಾಗದೇ ಇರಬಹುದು. ಹೊಟ್ಟೆ ನಿಧಾನವಿದ್ದವರಲ್ಲಿ, ವಾರದ ಇಂಜೆಕ್ಷನ್ ತೆಗೆದುಕೊಳ್ಳುವವರಲ್ಲಿ ರಾತ್ರಿಯ ಊಟ ಬೆಳಿಗ್ಗೆಯೂ ಉಳಿದಿರುತ್ತದೆ. ಅರಿವಳಿಕೆ ಕೊಟ್ಟಾಗ ಅದು ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ. ಅರಿವಳಿಕೆ ಡಾಕ್ಟರಿಗೆ ಎರಡನ್ನೂ ಬಾಯಿಬಿಟ್ಟು ಹೇಳಿ. ಡಾಪಾಗ್ಲಿಫ್ಲೋಜಿನ್ ಜಾತಿಯ ಮಾತ್ರೆಗಳನ್ನು ದೊಡ್ಡ ಆಪರೇಷನ್‌ಗೆ ಕನಿಷ್ಠ ಮೂರು ದಿನ ಮುಂಚೆ ನಿಲ್ಲಿಸಲು ಹೇಳುತ್ತಾರೆ.

ಯಾವ ಮಾತ್ರೆಗೂ ಬಗ್ಗಲ್ಲ ಅಂದ್ರೆ ಮುಂದೇನು?

ದೊಡ್ಡ ಆಸ್ಪತ್ರೆಗಳ ಜೀರ್ಣಾಂಗ ವಿಭಾಗಗಳಲ್ಲಿ ಎಂಡೋಸ್ಕೋಪಿ ಮೂಲಕವೇ ಹೊಟ್ಟೆಯ ಹೊರಬಾಗಿಲಿನ ಸ್ನಾಯುವನ್ನು ಕತ್ತರಿಸಿ ಸಡಿಲಿಸುವ ಚಿಕಿತ್ಸೆ ಇದೆ. ಕೆಲವರಿಗೆ ಹೊಟ್ಟೆಗೆ ವಿದ್ಯುತ್ ಪ್ರಚೋದನೆ ಕೊಡುವ ಸಾಧನ ಕೂರಿಸುತ್ತಾರೆ. ತೂಕ ತೀರಾ ಇಳಿದರೆ ಹೊಟ್ಟೆಯನ್ನು ದಾಟಿಸಿ ನೇರ ಕರುಳಿಗೆ ನಳಿಕೆಯಿಂದ ಆಹಾರ ಕೊಡುತ್ತಾರೆ. ಇಷ್ಟು ದೂರ ಹೋಗಬೇಕಾದವರು ಕಡಿಮೆ.

ವಾಕರಿಕೆ ಭಯಕ್ಕೆ ಊಟನೇ ಬಿಟ್ಟಿದ್ದಾರೆ. ತೂಕ ಎಂಟು ಕೆಜಿ ಇಳಿದಿದೆ. ಆದ್ರೆ ಎಚ್‌ಬಿಎ1ಸಿ 6.1 ಬಂದಿದೆ, ಡಾಕ್ಟರ್ ಖುಷಿಪಟ್ರು.

ಎಚ್‌ಬಿಎ1ಸಿ ಅಂದರೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಪರೀಕ್ಷೆ. ಆದರೆ ಆ ಸಂಖ್ಯೆಗೆ ನಾನು ಖುಷಿಪಡುವುದಿಲ್ಲ. ಊಟ ಬಿಟ್ಟು ಇಳಿದ ಶುಗರ್ ಅದು. ರಕ್ತಹೀನತೆ ಅಥವಾ ಕಿಡ್ನಿ ತೊಂದರೆ ಇದ್ದರೆ ಈ ಪರೀಕ್ಷೆಯ ಸಂಖ್ಯೆಯೇ ಏರುಪೇರಾಗುತ್ತದೆ. ಸೊರಗಿದ, ಹಲವು ಕಾಯಿಲೆಗಳಿರುವ ಹಿರಿಯರಿಗೆ 8ರ ಒಳಗಿದ್ದರೆ ಸಾಕು ಎನ್ನುವುದು ಈಗಿನ ಮಾರ್ಗಸೂಚಿಗಳ ಮಾತು. ತೂಕ ಇಳಿದದ್ದು ಡಾಕ್ಟರಿಗೆ ಗೊತ್ತೇ ಇಲ್ಲದಿರಬಹುದು, ಹಿಂದಿನ ತೂಕದ ಚೀಟಿ ತೋರಿಸಿ. ಲೋ ಮಾಡುವ ಮಾತ್ರೆಗಳನ್ನು ಕಡಿಮೆ ಮಾಡಬಹುದಾ, ಪಥ್ಯ ಸಡಿಲಿಸಬಹುದಾ ಎಂದು ನೇರವಾಗಿ ಕೇಳಿ. ಈ ವಯಸ್ಸಿನಲ್ಲಿ ಕಾರಣವಿಲ್ಲದೆ ತೂಕ ಇಳಿದರೆ ಗಡ್ಡೆಯೇನಾದರೂ ಇದೆಯೇ ಎಂದು ಎಂಡೋಸ್ಕೋಪಿ, ಹೊಟ್ಟೆಯ ಸ್ಕ್ಯಾನ್ ಮಾಡಿಸುವುದನ್ನು ಮುಂದೂಡಬೇಡಿ. ಅಷ್ಟರ ತನಕ ಎರಡು ಗಂಟೆಗೊಮ್ಮೆ ಅವರಿಗೆ ಇಷ್ಟವಾದದ್ದನ್ನು, ಮೆತ್ತಗೆ ಮಾಡಿ, ಅರ್ಧ ಬಟ್ಟಲಷ್ಟೇ ಕೊಡಿ.